ಮೊಮ್ಮಗಳ ಹಾಳೆಗಳನ್ನು ನಾನು ನೀರಿಗೆ ಹಾಕಿದ್ದು

ನನ್ನ ಮೊಮ್ಮಗಳು ಫಿನ್ಲಂಡಿನಲ್ಲಿ ಕಾಗದ ಓದುತ್ತಾಳೆ. ಕಾಗದದ ಮೇಲೆ ಬರೆದದ್ದನ್ನಲ್ಲ, ಕಾಗದವನ್ನೇ. ಅದು ಯಾವುದರಿಂದ ಆಯಿತು, ಎಷ್ಟು ದಿನ ಬಾಳುತ್ತದೆ, ಹೇಗೆ ಸಾಯುತ್ತದೆ ಎಂದು. ಇದಕ್ಕೆ ಡಾಕ್ಟರೇಟ್ ಕೊಡುತ್ತಾರಂತೆ. ನಾನು ದಾಂಡೇಲಿಯಲ್ಲಿ ಇಪ್ಪತ್ತಾರು ವರ್ಷ ಕಾಗದ ಆರಿಸಿದೆ. ನನಗೆ ಬಂದದ್ದು ಬೆನ್ನುನೋವು.

ನಾನು ಕಲಿತದ್ದು ಎರಡನೇ ಇಯತ್ತೆಯವರೆಗೆ. ಇದನ್ನು ನಾನೇ ಬರೆದಿದ್ದೇನೆ. ಒತ್ತಕ್ಷರ ತಪ್ಪಿದ್ದಲ್ಲಿ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಕಾಗದ ಆರಿಸುವುದೆಂದರೆ ಏನೆಂದು ಮೊದಲು ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ತಿಳಿಯುವುದಿಲ್ಲ. ನನ್ನ ಗಂಡನಿಗೆ ಮಿಲ್ಲಿನಲ್ಲಿ ಕೆಲಸವಿತ್ತು. ಧಾರವಾಡದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಮೂರನೇ ವರ್ಷಕ್ಕೆ ನಾನೂ ಒಬ್ಬ ಗುತ್ತಿಗೆದಾರನ ಶೆಡ್ಡಿಗೆ ಕೆಲಸಕ್ಕೆ ಹೋದೆ. ಉದ್ದನೆಯ ಟೇಬಲ್ಲು, ಎರಡೂ ಬದಿಗೆ ಹೆಂಗಸರು. ಕಾಗದದ ರಾಶಿಯ ಒಂದು ಮೂಲೆ ಹಿಡಿದು ಬೀಸಣಿಕೆಯ ಹಾಗೆ ಬಿಡಿಸುವುದು, ಐದೈದಾಗಿ ಬೆರಳಿನಲ್ಲಿ ದಾಟಿಸುವುದು. ಚುಕ್ಕಿ ಬಿದ್ದದ್ದು, ಮಡಿಕೆಯಾದದ್ದು, ಅಂಚು ಸವೆದದ್ದು ಸಿಕ್ಕರೆ ಎಳೆದು ಪಕ್ಕಕ್ಕೆ ಹಾಕುವುದು. ಪಕ್ಕಕ್ಕೆ ಹಾಕಿದ್ದು ಕಸವಲ್ಲ. ಅದು ಮತ್ತೆ ನೀರಿಗೆ ಹೋಗುತ್ತದೆ, ಕರಗಿ ಅಂಬಲಿಯಾಗುತ್ತದೆ, ಇನ್ನೊಮ್ಮೆ ಹಾಳೆಯಾಗಿ ಬರುತ್ತದೆ. ನಮ್ಮ ಶೆಡ್ಡಿನಲ್ಲಿ ಕೆಟ್ಟ ಹಾಳೆ ಎಂದರೆ ನೀರು ಕಾಯುತ್ತಿರುವ ಹಾಳೆ, ಅಷ್ಟೇ. ಒಂದು ಕಟ್ಟು ಮುಗಿದರೆ ಆರಿಸಿದವಳು ತನ್ನ ನಂಬರಿನ ಚೀಟಿಯನ್ನು ಒಳಗಿಟ್ಟು ಕಟ್ಟುತ್ತಿದ್ದಳು. ಎಲ್ಲೋ ಮುಂಬಯಿಯಲ್ಲಿ ಕಟ್ಟು ಬಿಚ್ಚಿದವನಿಗೆ ಕೆಟ್ಟ ಹಾಳೆ ಸಿಕ್ಕರೆ ಚೀಟಿ ತಿರುಗಿ ಬರುತ್ತಿತ್ತು. ಯಾರು ಎಂದು ಹುಡುಕುವ ಕೆಲಸವಿರಲಿಲ್ಲ.

ಇಷ್ಟು ವರ್ಷ ಮಾಡಿದ ಕೆಲಸ ಕೈಯಿಂದ ಹೋಗುವುದಿಲ್ಲ. ಈಗಲೂ ಲಗ್ನಪತ್ರಿಕೆ ಬಂದರೆ ನಾನು ಮೊದಲು ಮೂಲೆ ಸವರುತ್ತೇನೆ. ಯಾರ ಲಗ್ನ ಎಂಬುದು ಆಮೇಲೆ.

ಮೊಮ್ಮಗಳು ನನ್ನ ಮಗಳ ಮಗಳು. ಮಗಳು ಹಳಿಯಾಳದಲ್ಲಿ ಶಾಲೆಯ ಟೀಚರು. ಹುಡುಗಿ ಚಿಕ್ಕಂದಿನಲ್ಲಿ ರಜೆಗೆಲ್ಲ ನನ್ನ ಹತ್ತಿರವೇ ಇದ್ದಳು, ಕಾಗದದ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಬೇಕಿಲ್ಲ. ಎರಡು ವರ್ಷ ಅಲ್ಲಿದ್ದು ಹೋದ ಮೇ ತಿಂಗಳಲ್ಲಿ ಬಂದಳು. ಬಂದವಳು ಚಹಾ ಕೊಟ್ಟರೆ ಥ್ಯಾಂಕ್ಸ್ ಎನ್ನುತ್ತಿದ್ದಳು. ಬಚ್ಚಲಿಗೆ ಹೋಗುವಾಗ ತೆರೆದ ಬಾಗಿಲನ್ನೂ ಬಡಿಯುತ್ತಿದ್ದಳು.

"ಯಾರೂ ಇಲ್ಲವ್ವಾ ಒಳಗ, ಹೋಗು," ಎಂದೆ.

"ರೂಢಿ ಆಗೇತಿ ಆಯಿ. ಅಲ್ಲಿ ಎಂಟು ಮಂದಿಗೆ ಒಂದ ಅಡಿಗಿಮನಿ, ಎರಡ ಬಚ್ಚಲ. ಒಬ್ಬರ ಮುಖ ಒಬ್ಬರು ನೋಡಂಗಿಲ್ಲ, ಬರೇ ಬಾಗಿಲ ಬಡೀತೀವಿ."

"ಮಾತಾಡಂಗಿಲ್ಲೇನು?"

"ಮೊದಲನೇ ಚಳಿಗಾಲದಾಗ ಹದಿನೊಂದು ದಿನ ನಾ ಕನ್ನಡದಾಗ ಒಂದ ಶಬ್ದ ಆಡಿರಲಿಲ್ಲ. ಹನ್ನೆರಡನೇ ದಿನ ಕಾಲಬೆರಳಿಗೆ ಮಂಚ ಬಡೀತು. ಆವಾಗ ಆಡಿದ್ನಿ."

ಏನು ಆಡಿದಳು ಎಂದು ನಾನು ಕೇಳಲಿಲ್ಲ. ನನ್ನಿಂದಲೇ ಕಲಿತದ್ದಿರಬೇಕು.

ಅಲ್ಲಿಯ ಸಂಗತಿ ಬಿಡಿ ಬಿಡಿಯಾಗಿ ಹೇಳುತ್ತಿದ್ದಳು. ಬಸ್ಸಿನಲ್ಲಿ ಪಕ್ಕದಲ್ಲಿ ಯಾರೂ ಕೂರುವುದಿಲ್ಲ, ಕೂತರೆ ಜಗಳಕ್ಕೆ ಬಂದ ಹಾಗೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಗುರುವನ್ನು ಹೆಸರು ಹಿಡಿದು ಕರೆಯುತ್ತಾರೆ. ದೊಡ್ಡ ದೊಡ್ಡ ಪಂಡಿತರು ಕೂಡ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಎಲ್ಲರೆದುರು ಹೇಳುತ್ತಾರೆ, ಯಾರೂ ನಗುವುದಿಲ್ಲ. ಇದೊಂದು ನನಗೆ ಹಿಡಿಸಿತು. ಮತ್ತೆ ಅವರೂ ಚಪ್ಪಲಿ ಹೊರಗೇ ಬಿಡುತ್ತಾರಂತೆ. ಹಾಗಾದರೆ ಮನುಷ್ಯರೇ, ಎಂದುಕೊಂಡೆ.

ಅವಳು ಬಂದದ್ದು ರಜೆಗಲ್ಲ. ಅವಳದೊಂದು ಪ್ರಶ್ನೆಯಿತ್ತು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಯಾವ ಕಾಗದ ಹೆಚ್ಚು ತಡೆಯುತ್ತದೆ, ಕಬ್ಬಿನ ಸಿಪ್ಪೆಯದೋ, ಬಿದಿರಿನದೋ, ಎರಡೂ ಕೂಡಿಸಿದ್ದೋ. ಕಚೇರಿಯ ದಫ್ತರು, ಶಾಲೆಯ ಪುಸ್ತಕ ಎಲ್ಲ ಇಲ್ಲಿ ಬೂಜು ಹಿಡಿದು ಹೋಗುತ್ತದಲ್ಲ, ಅದಕ್ಕೆ. ಮೊದಲ ವರ್ಷ ಅಲ್ಲಿಯೇ ಒಂದು ಪೆಟ್ಟಿಗೆಯಲ್ಲಿ ಯಂತ್ರದಿಂದ ತೇವ ಮಾಡಿ ನೋಡಿದಳು. ಪೆಟ್ಟಿಗೆಯ ತೇವ ಬೇರೆ, ದಾಂಡೇಲಿಯ ತೇವ ಬೇರೆ. ಲೆಕ್ಕ ಕೂಡಲಿಲ್ಲ. ಡಿಸೆಂಬರಿನಲ್ಲಿ ಐದು ಜನ ಕೂತು ಅವಳ ಕೆಲಸ ನೋಡುವವರಿದ್ದರು.

"ಅವತ್ತ ತೋರಸಾಕ ಏನಾರ ಇರಬೇಕ ಆಯಿ. ಇಲ್ಲಂದ್ರ ಈ ಪ್ರಶ್ನಿ ಕಸಗೋತಾರ. ಬ್ಯಾರೆಯವರು ಅರ್ಧ ಮಾಡಿಟ್ಟಿದ್ದನ್ನ ಕೊಡ್ತಾರ, ಅದನ್ನ ಮಾಡಬೇಕು."

"ಡಿಗ್ರಿ ಕೊಡ್ತಾರಿಲ್ಲೋ?"

"ಕೊಡ್ತಾರ. ಆದ್ರ ಅದು ನಂದಲ್ಲ."

ಇದು ನನಗೆ ಅರ್ಥವಾಯಿತು.

ಹಾಳೆ ಮಾಡುವುದಕ್ಕೆ ಮೇ ತಿಂಗಳು ಪೂರ್ತಿ ಹಿಡಿಯಿತು. ಹಳಿಯಾಳದ ಬಸ್ ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲು ಮಾರುವವನೊಬ್ಬನಿದ್ದಾನೆ. ಅವನ ಗಾಣದಿಂದ ಬಿದ್ದ ಸಿಪ್ಪೆಯನ್ನು ಮೂರು ಚೀಲ ತುಂಬಿಕೊಂಡೆವು. ಅವನು, "ಹಾಲ ಕುಡೀದs ಸಿಪ್ಪಿ ಒಯ್ಯೂ ಗಿರಾಕಿ ನಿಮ್ಮನ್ನs ನೋಡಿದ್ನಿ ಬಿಡ್ರಿ," ಎಂದ. ಮೊಮ್ಮಗಳು ಮುಜುಗರಪಟ್ಟು ಎರಡು ಗ್ಲಾಸು ತೆಗೆದುಕೊಂಡಳು. ಬಿದಿರಿಗೆ ಜೊಯಿಡಾ ಕಡೆಗೆ ಹೋದೆವು. ಅಲ್ಲಿ ಬುಟ್ಟಿ ಹೆಣೆಯುವ ಒಂದು ಮನೆಯವರು ಹೆರೆದು ಬಿಸಾಡಿದ ಸೀಳನ್ನೆಲ್ಲ ಕಟ್ಟಿ ಕೊಟ್ಟರು. ತಿರುಗಿ ಬರುವ ಬಸ್ಸು ತಪ್ಪಿತು, ಇನ್ನೊಂದಕ್ಕೆ ಮೂರು ತಾಸು. ಹೊರೆಯ ಮೇಲೆ ಕೂತು ಇಬ್ಬರೂ ಕಾದೆವು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಕಾಯುವುದನ್ನು ಆ ದೇಶ ಕಲಿಸಿದೆ ಎಂದುಕೊಂಡೆ.

ಹಿತ್ತಲಲ್ಲಿ ಸೋಡಾ ಹಾಕಿ ಕುದಿಸಿದೆವು, ಒರಳಿನಲ್ಲಿ ಕುಟ್ಟಿದೆವು, ಅವಳು ತಂದ ಜರಡಿಯಲ್ಲಿ ಎತ್ತಿ ಹಲಗೆಯ ಮೇಲೆ ಒಣಗಿಸಿದೆವು. ಆ ನಾತಕ್ಕೆ ಪಕ್ಕದ ಮನೆಯವಳು ಸೆರಗು ಮೂಗಿಗಿಟ್ಟುಕೊಂಡು ಬಂದಳು. ಅವಳೂ ನನ್ನ ಜೊತೆ ಶೆಡ್ಡಿನಲ್ಲಿ ಇದ್ದವಳೇ. ಈಗ ಅವಳ ಮಗ ಟೇಲರ್ ಅಂಗಡಿ ಇಟ್ಟಿದ್ದಾನೆ.

"ಅರೆ ಬಾಯಿ, ನಾವು ರಿಟೈರ್ ಆದ್ವಿ ಅಂತ ಮಿಲ್ಲ ಮನೀಗ ತಂದಿಯೇನ?"

"ಹಾಜರಿ ಹಚ್ಚೂದಿದ್ರ ಬಾ, ಇಲ್ಲಂದ್ರ ದಾರಿ ಬಿಡು," ಎಂದೆ. ಅವಳು ಕೂತು ಕುಟ್ಟಿದಳು.

ಒಟ್ಟು ಎಪ್ಪತ್ತೆರಡು ಹಾಳೆ. ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರು. ಮುಂದಿನ ಕೋಣೆಯಲ್ಲಿ ಆರು ಹಗ್ಗ ಕಟ್ಟಿ ಚಿಮಟಿಗೆಯಿಂದ ತೂಗುಹಾಕಿದಳು, ಕಿಟಕಿ ತೆರೆದಿಟ್ಟಳು. ಜೂನಿನಲ್ಲಿ ಮಳೆ ಹಿಡಿಯಿತು. ಅವಳು ದಿನಾ ಫೋಟೋ ತೆಗೆಯುತ್ತಿದ್ದಳು, ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿದ್ದಳು. ನನಗೆ ಹೇಳಿದ್ದು ಇಷ್ಟೇ: "ಆಯಿ, ಇವು ಹಿಂಗs ಇರಬೇಕು." ನಾನು ಹೂಂ ಎಂದೆ. ಹಿಂಗೇ ಎಂದರೆ ಚೆನ್ನಾಗಿ ಇರಬೇಕು ಎಂದು ನಾನು ತಿಳಿದೆ. ಹಾಳೆಯನ್ನು ಕೆಡಲಿ ಎಂದು ತೂಗುಹಾಕುವವರು ಲೋಕದಲ್ಲಿ ಇರುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಜುಲೈ ನಡುವೆ ಅವಳು ಮುಂಡಗೋಡಕ್ಕೆ ಹೋದಳು. ಅಲ್ಲಿ ಟಿಬೆಟಿಯವರ ಕ್ಯಾಂಪಿನಲ್ಲಿ ಹಳೆಯ ಕಾಲದ ಕಾಗದದ ಗ್ರಂಥಗಳಿವೆಯಂತೆ, ಅವನ್ನು ಮಳೆಗಾಲದಲ್ಲಿ ಹೇಗೆ ಕಾಪಾಡುತ್ತಾರೆ ಎಂದು ನೋಡಲು. ಎರಡು ದಿನ.

ಮೊದಲನೇ ದಿನ ಬೆಳಿಗ್ಗೆ ಕೋಣೆ ಗುಡಿಸಲು ಹೋದಾಗ ನೋಡಿದೆ. ಹಗ್ಗದ ಮೇಲೆ ಅರ್ಧಕ್ಕರ್ಧ ಹಾಳೆಗೆ ಚುಕ್ಕಿ. ಕೆಲವಕ್ಕೆ ಹಸಿರು ಬೂಜು. ಬೂಜು ಒಂದರಿಂದ ಒಂದಕ್ಕೆ ಹತ್ತುತ್ತದೆ, ಕಜ್ಜಿಯ ಹಾಗೆ. ಕೆಟ್ಟದ್ದನ್ನು ತೆಗೆಯದಿದ್ದರೆ ಒಳ್ಳೆಯದೂ ಹೋಗುತ್ತದೆ. ಹುಡುಗಿ ಊರಲ್ಲಿಲ್ಲ. ಅವಳ ಒಂದೂವರೆ ತಿಂಗಳ ಕೆಲಸ ನನ್ನ ಕಣ್ಣೆದುರು ಹಾಳಾಗುತ್ತಿದೆ. ನಾನು ಕಸಬರಿಗೆ ಇಟ್ಟು ಕೈ ತೊಳೆದುಕೊಂಡೆ.

ಎಲ್ಲವನ್ನೂ ಇಳಿಸಿ ಮಂಚದ ಮೇಲೆ ಹರಡಿ ಆರಿಸಿದೆ. ಬಹಳ ವರ್ಷದ ಮೇಲೆ ಬೆರಳು ಓಡಿತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಮೂವತ್ತೊಂದು ಒಳ್ಳೆಯವು, ನಲವತ್ತೊಂದು ಕೆಟ್ಟವು. ಒಳ್ಳೆಯವನ್ನು ಮೂಲೆ ಸರಿಮಾಡಿ ಟ್ರಂಕಿನಲ್ಲಿ ಇಟ್ಟೆ. ಕೆಟ್ಟವನ್ನು ಹರಿದು ಬಚ್ಚಲಿನ ಪ್ಲಾಸ್ಟಿಕ್ ಬುಟ್ಟಿಯ ನೀರಿಗೆ ಹಾಕಿ, ಸಂಜೆಯವರೆಗೆ ಬಿಟ್ಟು, ಚೆನ್ನಾಗಿ ಕಲೆಸಿದೆ. ಗಂಟು ಇರದ ಹಾಗೆ ಕಲೆಸಿದೆ. ಅವಳು ಬಂದರೆ ಜರಡಿಯಲ್ಲಿ ಎತ್ತಿದರೆ ಆಯಿತು, ಹೊಸ ಹಾಳೆ. ಅರ್ಧ ಕೆಲಸ ನಾನೇ ಮಾಡಿಟ್ಟೆ ಎಂದು ಸಮಾಧಾನದಿಂದ ಉಂಡೆ.

ಮರುದಿನ ಮಧ್ಯಾಹ್ನ ಬಂದಳು. ಖಾಲಿ ಹಗ್ಗ ನೋಡಿ ಬಾಗಿಲಲ್ಲೇ ನಿಂತಳು.

"ಹಾಳಿ ಎಲ್ಲಿ ಆಯಿ?"

"ಚಲೋವು ಟ್ರಂಕಿನ್ಯಾಗ ಅದಾವ. ಕೆಟ್ಟವು ನೆನಿಹಾಕೀನಿ."

"ಎದರಾಗ ನೆನಿಹಾಕಿ?"

"ನೀರಾಗ. ಮತ್ತ್ಯಾವುದರಾಗ ನೆನಿ ಹಾಕ್ತಾರ?"

ಬಚ್ಚಲಿಗೆ ಹೋದಳು. ಈ ಸಲ ಬಾಗಿಲು ಬಡಿಯಲಿಲ್ಲ. ಬುಟ್ಟಿಯಲ್ಲಿ ಕೈ ಹಾಕಿ ಅಂಬಲಿ ಎತ್ತಿದಳು, ಬಿಟ್ಟಳು. ತಿರುಗಿ ಬಂದು ಟ್ರಂಕು ತೆರೆದಳು. ಒಂದರ ಮೇಲೊಂದು ಒತ್ತಿಟ್ಟ ಮೂವತ್ತೊಂದು ಹಾಳೆ ನೋಡಿದಳು. ಅವೂ ಗಾಳಿಯಿಂದ ತೆಗೆದದ್ದಕ್ಕೆ ಕೆಟ್ಟವೇ, ಅವಳ ಲೆಕ್ಕದಲ್ಲಿ. ಅದು ನನಗೆ ಆಮೇಲೆ ತಿಳಿಯಿತು. ಮುಚ್ಚಳ ಮುಚ್ಚಿ ಅದರ ಮೇಲೆ ಕೂತಳು.

"ಏನಾತ?" ಎಂದೆ.

"ಆ ಚುಕ್ಕಿನs ನನಗ ಬೇಕಾಗಿದ್ದು ಆಯಿ. ಯಾವ ಹಾಳಿಗೆ ಎಷ್ಟು, ಯಾವತ್ತ, ಎಲ್ಲಿ ಅಂತ. ಚುಕ್ಕಿ ಬೀಳಲಿ ಅಂತನs ಹಾಕಿದ್ನಿ."

ಅವಳು ಟ್ರಂಕಿನ ಮೇಲಿಂದ ಏಳಲಿಲ್ಲ. ಅಳಲಿಲ್ಲ, ಕೂಗಲಿಲ್ಲ. ಅರ್ಧ ತಾಸು ಕಳೆಯಿತು. ನನಗೆ ತಡೆಯಲಿಲ್ಲ.

"ಬೈಯವ್ವಾ. ಬಾಯಾಗ ಏನ ಇಟ್ಕೊಂಡ ಕುಂತಿ?"

"ಅಲ್ಲಿ ಯಾರೂ ಯಾರನ್ನೂ ಬೈಯಂಗಿಲ್ಲ."

"ಇದು ಅಲ್ಲಿ ಅಲ್ಲ, ದಾಂಡೇಲಿ. ನಾ ನಿನ್ನ ಕೆಲಸ ಹಾಳ ಮಾಡೀನಿ. ಬೈದ ಬಿಡು, ಮುಂದಿಂದು ನೋಡೂಣು."

ಆಗ ಬೈದಳು. ಕೇಳದೆ ಯಾಕೆ ಮುಟ್ಟಿದಿ, ಎಲ್ಲ ಗೊತ್ತು ಎನ್ನುವ ನಿನ್ನ ಸೊಕ್ಕು ಯಾವಾಗ ಇಳಿಯುತ್ತದೆ, ಎಂದಳು. ನನ್ನ ತಾಯಿ ಬದುಕಿದ್ದರೆ ಇಷ್ಟೇ ಜೋರಾಗಿ ಅನ್ನುತ್ತಿದ್ದಳು. ದನಿ ಕೇಳಿ ಪಕ್ಕದವಳು ಬಂದು ಬುಟ್ಟಿ ನೋಡಿ, "ತೋಬಾ, ಇದರಾಗ ಒಂದ ಗಂಟಿಲ್ಲ ನೋಡು," ಎಂದಳು. ಮೊಮ್ಮಗಳಿಗೆ ನಗು ಬಂತು. ನಗುತ್ತಲೇ ಅತ್ತಳು. ನಾನು ಅನ್ನಕ್ಕಿಟ್ಟೆ.

ಮರುದಿನ ಬೆಳಿಗ್ಗೆ ಅವಳ ಗುರುವಿಗೆ ಫೋನು ಮಾಡುವುದಿತ್ತು. ಚಹಾ ಕುಡಿಯುತ್ತ ನನಗೆ ಹೇಳಿದಳು: "ಮಾಳಿಗಿ ಸೋರಿ ಹಾಳಾದ್ವು ಅಂತ ಹೇಳ್ತೇನಿ. ಮಳಿ ಅಂದ್ರ ಯಾರ ಏನ ಅಂತಾರ?"

"ನನ್ನ ಮಾಳಿಗಿ ಸೋರೂದಿಲ್ಲ," ಎಂದೆ.

"ಆಯಿ, ಮಾಳಿಗಿ ಮಾತಲ್ಲ ಇದು. ನಿನ್ನ ಹೆಸರ ಬ್ಯಾಡ ಅಂತ. ಮನಿಯವರ ಕೈಯಾಗ ಬಿಟ್ಟ ಹೋಗಿದ್ಲು ಅಂದ್ರ ನನಗೂ ಚಲೋ ಅಲ್ಲ."

"ನೀ ಓದೂದs ಕಾಗದ ಯಾಕ ಹಾಳಾಗ್ತೈತಿ ಅಂತ. ಅದರಾಗs ಸುಳ್ಳ ಬರೀತಿ? ಇಪ್ಪತ್ತಾರು ವರ್ಷ ನನ್ನ ಚೀಟಿ ನಾನs ಇಟ್ಟೀನಿ. ಇದರಾಗೂ ಇಡ್ತೇನಿ. ಹಚ್ಚು ಫೋನ್."

ಹಚ್ಚಿದಳು. ಫೋನಿನ ಪರದೆಯ ಮೇಲೆ ಗುರು ಬಂದಳು, ಒಬ್ಬ ಹೆಂಗಸು, ಐವತ್ತು ದಾಟಿದವಳು, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು. ನಾನು ಮುಂದೆ ಕೂತೆ. ನಾನೇ ಹಾಕಿದೆ ಎಂದು ಹೇಳು ಎಂದೆ. ಮೊಮ್ಮಗಳು ಹೇಳಿದಳು. ಆ ಮುಖ ಅಲುಗಾಡಲೇ ಇಲ್ಲ.

"ಫೋನ್ ಕೆಟ್ಟೈತೇನ?"

"ಇಲ್ಲ ಆಯಿ, ವಿಚಾರ ಮಾಡಾಕತ್ತಾಳ. ಅಲ್ಲಿ ಹಿಂಗs."

ಆಮೇಲೆ ಅವಳು ಕೇಳಿದ್ದು ನಾನು ನೆನೆಸಿರದ ಪ್ರಶ್ನೆ. ಕೆಟ್ಟದ್ದು ಎಂದು ಹೇಗೆ ಗುರುತಿಸಿದಿರಿ? ನಾನು ಹೇಳಿದೆ. ಚುಕ್ಕಿ ಕಣ್ಣಿಗೆ ಕಾಣುತ್ತದೆ, ಅದು ಕೊನೆಗೆ. ಮೊದಲು ಮೂಲೆ ಮೆತ್ತಗಾಗುತ್ತದೆ. ಅದಕ್ಕೂ ಮೊದಲು ಸದ್ದು ಹೋಗುತ್ತದೆ. ಒಳ್ಳೆಯ ಹಾಳೆ ಅಲುಗಾಡಿಸಿದರೆ ಗರಗರ ಎನ್ನುತ್ತದೆ, ತೇವ ಹೊಕ್ಕದ್ದು ಬಟ್ಟೆಯ ಹಾಗೆ ಸುಮ್ಮನಿರುತ್ತದೆ. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಗುರು ಬರೆದುಕೊಂಡಳು.

ಮೊಮ್ಮಗಳು ಆಗಸ್ಟ್ ಹತ್ತಕ್ಕೆ ಹೊರಡಲೇಬೇಕಿತ್ತು, ಅಲ್ಲಿ ಪಾಠ ಮಾಡುವುದಿತ್ತು. ಹಾಳೆ ಮತ್ತೆ ಮಾಡಿದರೂ ನೋಡುವವರು ಯಾರು? ನಾನು ನೋಡುತ್ತೇನೆ ಎಂದೆ. ಮೊಮ್ಮಗಳು ನನ್ನ ಮುಖ ನೋಡಿದಳು, ಹೇಳಲೋ ಬೇಡವೋ ಎಂದು. "ಹೇಳು," ಎಂದೆ.

ಗುರು ಕೇಳಿದಳು: ದಿನಾ ಒಂದೇ ಹೊತ್ತಿಗೆ ನೋಡಬೇಕು. ಒಳ್ಳೆಯದು ಕೆಟ್ಟದ್ದು ಎನ್ನಬಾರದು. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಒಂದು ಹಾಳೆಯನ್ನೂ ತೆಗೆಯಬಾರದು. ನಿಮ್ಮ ಕೈ ಸುಮ್ಮನಿರುತ್ತದೆಯೇ?

"ಸುಮ್ನ ಇರಂಗಿಲ್ಲ," ಎಂದೆ. "ಇರಸ್ತೇನಿ ಅಂತ ಹೇಳು."

ಹನ್ನೆರಡು ದಿನ ಮೂವರೂ ಕುಟ್ಟಿದೆವು, ಪಕ್ಕದವಳೂ ಸೇರಿ. ಮಳೆಯಲ್ಲಿ ಹಾಳೆ ಒಣಗುವುದಿಲ್ಲ. ಒಲೆಯ ಮೇಲೆ ತವೆ ಮಗುಚಿಹಾಕಿ ಒಣಗಿಸಿದೆವು, ಎಲ್ಲವನ್ನೂ ಒಂದೇ ಶಾಖಕ್ಕೆ. ನಾನು ಕಲೆಸಿಟ್ಟ ಅಂಬಲಿ ಮಾತ್ರ ಬಳಸಲಿಲ್ಲ. ಅದರಲ್ಲಿ ಮೂರೂ ಜಾತಿ ಕೂಡಿಹೋಗಿತ್ತು. ಅರವತ್ತು ಹಾಳೆಯಾದವು. ಹೊರಡುವ ಹಿಂದಿನ ದಿನ ಮೊಮ್ಮಗಳು ಇನ್ನೂರು ಪುಟದ ನೋಟುಬುಕ್ಕು ತಂದು ಗೆರೆ ಹಾಕಿಕೊಟ್ಟಳು. ಮೊದಲನೇ ಪುಟದಲ್ಲಿ ನಾನು ಬರೆದೆ: ಜುಲೈನಲ್ಲಿ ನಲವತ್ತೊಂದು ಹಾಳೆ ನೀರಿಗೆ ಹಾಕಿದ್ದು ನಾನು. ಕೇಳದೆ ಹಾಕಿದ್ದು. ಕೆಳಗೆ ಸಹಿ ಮಾಡಿದೆ.

ಕೆಲಸ ಕಷ್ಟದ್ದಾಗಿತ್ತು. ಬರೆಯುವುದು ಕಷ್ಟ, ಅದು ಸರಿ. ಅಕ್ಷರ ನನ್ನ ಕೈಗೆ ಸಲೀಸಾಗಿ ಬರುವುದಿಲ್ಲ, ಒಂದು ಸಾಲಿಗೆ ಎರಡು ಸಲ ಕನ್ನಡಕ ಒರೆಸಬೇಕು. ಆದರೆ ಅದಕ್ಕಿಂತ ಕಷ್ಟ ಬಿಡುವುದು. ಆಗಸ್ಟ್ ಕೊನೆಗೆ ಹದಿನಾಲ್ಕನೇ ಹಾಳೆಯಲ್ಲಿ ಬೂಜು ಕಂಡಿತು. ಪಕ್ಕದ ಹದಿನೈದು ಇನ್ನೂ ಹಾಲಿನ ಹಾಗಿತ್ತು. ಹದಿನಾಲ್ಕನ್ನು ಒಂದು ಗೇಣು ಆಚೆ ಸರಿಸಿದರೆ ಹದಿನೈದು ಉಳಿಯುತ್ತಿತ್ತು. ನನಗೆ ಗೊತ್ತಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡು ನಿಂತೆ. ನಾಲ್ಕನೇ ದಿನ ಹದಿನೈದಕ್ಕೂ ಹತ್ತಿತು. ಬರೆದೆ. ಆ ದಿನ ಊಟ ಸೇರಲಿಲ್ಲ.

ಚುಕ್ಕಿ ಎಷ್ಟು ದೊಡ್ಡದು ಎಂದು ಬರೆಯಲು ನನಗೆ ಮಿಲಿಮೀಟರು ಬಾರದು. ಸಾಸಿವೆಯಷ್ಟು, ಎಳ್ಳಿನಷ್ಟು, ಜೋಳದಷ್ಟು, ಹೆಸರಿನಷ್ಟು ಎಂದು ಬರೆದೆ. ಮೊಮ್ಮಗಳು ಫೋನಿನಲ್ಲಿ, "ಆಯಿ, ಇಲ್ಲಿಯವರಿಗೆ ಜ್ವಾಳ ಹೆಂಗ ತಿಳೀಬೇಕು?" ಎಂದಳು. ನಾಲ್ಕೂ ಕಾಳನ್ನು ಅನ್ನದ ಗಂಜಿಯಿಂದ ರಟ್ಟಿಗೆ ಅಂಟಿಸಿ, ಪಕ್ಕದಲ್ಲಿ ಮಗಳ ಶಾಲೆಯ ಅಳತೆಪಟ್ಟಿ ಇಟ್ಟು ಫೋಟೋ ಕಳಿಸಿದೆ. ಆಮೇಲೆ ಯಾವ ತಕರಾರೂ ಬರಲಿಲ್ಲ. ಕಾಳು ಬದಲಿಸಬೇಡ, ಅದೇ ರಟ್ಟು ಇಟ್ಟುಕೋ, ಎಂದಳು.

ದಿನಾ ಹತ್ತು ಗಂಟೆಗೆ ಫೋನು. ಅಲ್ಲಿ ಏಳೂವರೆ. ಅವಳು ಹಲ್ಲುಜ್ಜುತ್ತ ಕೇಳುತ್ತಿದ್ದಳು, ನಾನು ಓದುತ್ತಿದ್ದೆ. "ಇಪ್ಪತ್ತೆರಡು, ಬಲಗಡೆ ಕೆಳಗ ಎಳ್ಳಿನಷ್ಟು, ಮೂರು. ಇಪ್ಪತ್ಮೂರು, ಏನಿಲ್ಲ. ಮೂವತ್ಮೂರು, ಕೆಳಗ ಬಿತ್ತು, ನಾ ಎತ್ತಿ ಹಾಕೀನಿ. ನಲವತ್ತು, ಪಕ್ಕದಾಕಿ ಬಂದಾಗ ಸೀನಿದ್ಲು, ಅದಕ್ಕ ಎದುರಿಗೇ."

"ಅದನ್ನೂ ಬರದಿ?"

"ಬರಿ ಅಂದಿರಿ, ಬರದೀನಿ. ಸೀನು ಹತ್ತಿದ್ರ ನಾಳೆ ನನ್ನ ಮ್ಯಾಲ ಬರಬಾರದು."

ಪಕ್ಕದವಳು ಒಂದು ವಾರ ಆ ಕೋಣೆಗೆ ಕಾಲಿಡಲಿಲ್ಲ. "ನನ್ನ ಸೀನು ಪರದೇಶಕ್ಕ ಹೋಗೇತಿ, ನಾ ಹುಬ್ಬಳ್ಳಿ ನೋಡಿಲ್ಲ," ಎಂದು ಊರಿಗೆಲ್ಲ ಹೇಳಿದಳು.

ಅಕ್ಟೋಬರ್ ಕೊನೆಗೆ ಅವರ ಗಡಿಯಾರ ಹಿಂದಕ್ಕೆ ಹೋಯಿತು. ನನ್ನ ಹತ್ತು ಅವಳಿಗೆ ಆರೂವರೆಯಾಯಿತು, ಕತ್ತಲಲ್ಲಿ ಎದ್ದು ಕೂರುತ್ತಿದ್ದಳು. ಹನ್ನೊಂದಕ್ಕೆ ಮಾಡೋಣ ಎಂದೆ. ಹೊತ್ತು ಬದಲಿಸಬಾರದು ಎಂದು ಗುರು ಹೇಳಿಲ್ಲವೇ ಎಂದು ಅವಳೇ ನನಗೆ ತಿರುಗಿಸಿದಳು. ಕೆಲವು ದಿನ ಹಾಳೆಯ ಸುದ್ದಿ ಮುಗಿದರೂ ಫೋನು ಇಡುತ್ತಿರಲಿಲ್ಲ. ಆ ದೇಶದಲ್ಲಿ ತಪ್ಪು ಮಾಡಿದರೆ ಯಾರೂ ಬೈಯದಿರುವುದು ಮೊದಲು ಸುಖ ಎನಿಸುತ್ತಿತ್ತು, ಈಗ ಅವರು ಮನಸ್ಸಿನಲ್ಲಿ ಏನಂದುಕೊಂಡರೋ ಎಂದು ದಿನವಿಡೀ ಯೋಚನೆ ಮಾಡುತ್ತೇನೆ, ಎಂದಳು. ಒಂದು ದಿನ ಗುರುವನ್ನು ಕೇಳಿಯೇಬಿಟ್ಟಳಂತೆ, ನನ್ನ ಕೆಲಸ ನಿಮಗೆ ಹೇಗನಿಸುತ್ತದೆ ಎಂದು. ಗುರು, ಚೆನ್ನಾಗಿಲ್ಲದಿದ್ದರೆ ಹೇಳುತ್ತಿದ್ದೆ, ಎಂದಳಂತೆ. "ಅಷ್ಟ ಕೇಳಾಕ ನನಗ ಎರಡ ವರ್ಷ ಹಿಡೀತು ಆಯಿ."

"ಲಗೂನ ಕೇಳಿದ್ರ ಲಗೂನ ಹೇಳತಿದ್ಲು," ಎಂದೆ.

ನವೆಂಬರ್ ಕೊನೆಗೆ ಅರವತ್ತು ಹಾಳೆಯನ್ನೂ ಒಂದೊಂದಾಗಿ ಬೆಣ್ಣೆಕಾಗದದ ನಡುವೆ ಇಟ್ಟು ಪೆಟ್ಟಿಗೆ ಮಾಡಿ ಕಳಿಸಿದೆ. ಎಲ್ಲ ಹೋದವು, ಬೂಜು ಹಿಡಿದು ಮುಟ್ಟಲಾರದಂತಾದದ್ದೂ, ನನ್ನ ನೋಟುಬುಕ್ಕೂ. ಕಬ್ಬಿನವು ಮೊದಲು ಸತ್ತಿದ್ದವು. ಬಿದಿರಿನವು ಗಟ್ಟಿ. ಕೂಡಿಸಿದವು ಹೇಳಲು ಬರುವುದಿಲ್ಲ, ಕೆಲವು ಹಾಗೆ, ಕೆಲವು ಹೀಗೆ. ನನಗೆ ಒಂದು ಮಾತ್ರ ಬಗೆಹರಿಯಲಿಲ್ಲ. ಅಡಿಗೆಮನೆಯ ಗೋಡೆಯ ಪಕ್ಕದ ಹಗ್ಗದಲ್ಲಿ ಯಾವ ಜಾತಿಯ ಹಾಳೆಗೂ ಚುಕ್ಕಿ ಬೇಗ ಬಿತ್ತು. ಅಲ್ಲಿ ಒಲೆಯ ಬಿಸಿಯಿದೆ, ಒಣಗಿರಬೇಕಿತ್ತು. ಅದನ್ನೂ ಬರೆದು ಪಕ್ಕದಲ್ಲಿ 'ಯಾಕೆ ಗೊತ್ತಿಲ್ಲ' ಎಂದು ಹಾಕಿದೆ.

ಡಿಸೆಂಬರಿನಲ್ಲಿ ಐದು ಜನ ಕೂತರು. ಮೊಮ್ಮಗಳು ನನಗೆ ಫೋನು ಮಾಡಿದ್ದು ಇಲ್ಲಿಯ ಸಂಜೆಗೆ. ನಾನು ಅಂಗಳದಲ್ಲಿ ಅವರೆ ಸುಲಿಯುತ್ತಿದ್ದೆ.

"ಒಬ್ಬ ಕೇಳಿದ ಆಯಿ. ಮೊದಲ ಹಾಳ ಮಾಡಿದವರ ಕೈಯಾಗs ಮತ್ತ ಯಾಕ ಕೊಟ್ಟಿರಿ, ಅವರ ಬರದಿದ್ದ ಹೆಂಗ ನಂಬೂದು ಅಂತ. ನಿನ್ನ ಮೊದಲನೇ ಪುಟ ತೋರಿಸಿದ್ನಿ. ಓದಿ ಹೇಳಿದ್ನಿ."

"ಏನಂದ?"

"ಮುಂದಿನ ಪುಟ ತಗಿ ಅಂದ."

"ಪ್ರಶ್ನಿ ಕಸಗೊಂಡ್ರೇನು?"

"ಇಲ್ಲ. ನನ್ನ ಕಡೆನs ಬಿಟ್ಟಾರ." ದನಿ ಮಾತ್ರ ಗೆದ್ದವಳ ದನಿಯಾಗಿರಲಿಲ್ಲ. "ಆದ್ರ ಒಂದ ಮಳೆಗಾಲ ಸಾಲಂಗಿಲ್ಲಂತ. ಅದೂ ಅರ್ಧ ಮಳೆಗಾಲ. ಇನ್ನೊಂದು ಪೂರ್ತಿ ಆಗಬೇಕಂತ. ಇನ್ನೊಂದ ವರ್ಷ ಆಯಿ. ನನ್ನ ಜೋಡಿ ಬಂದವರು ಬರದ ಮುಗಸಾಕತ್ತಾರ. ಬ್ಯಾರೆಯವರ ಅರ್ಧ ಕೆಲಸ ತೊಗೊಂಡಿದ್ರ ನಂದೂ ಮುಗೀತಿತ್ತು. ಈಗರ ತೊಗೊಳ್ಳಲೇನು ಅಂತ ಅನಸ್ತೈತಿ."

ನಾನು ಬುಟ್ಟಿ ಪಕ್ಕಕ್ಕಿಟ್ಟೆ. ಆ ವರ್ಷದಲ್ಲಿ ಒಂದಷ್ಟು ನಾನೇ ತಿಂದದ್ದು. ಮೊದಲಿನ ಹಾಳೆಗಳು ಹಗ್ಗದ ಮೇಲೆಯೇ ಇದ್ದಿದ್ದರೆ ಪೂರ್ತಿ ಮಳೆಗಾಲ ಸಿಗುತ್ತಿತ್ತು. ಅವಳು ಅದನ್ನು ಅನ್ನಲಿಲ್ಲ. ಅನ್ನದಿದ್ದರೂ ಅದು ಅಲ್ಲೇ ಇತ್ತು.

"ನನ್ನಿಂದ ಹೋದದ್ದು ಒಂದೂವರಿ ತಿಂಗಳು," ಎಂದೆ. "ಅದನ್ನ ನಾ ತುಂಬಿಕೊಡ್ತೇನಿ. ಉಳಿದದ್ದು ನಿಂದು. ನಿನಗ ಬ್ಯಾಡಾಗಿದ್ರ ಬಿಡು, ಆದ್ರ ದಣದಿದ್ದಕ್ಕ ಬಿಡಬ್ಯಾಡ. ಬ್ಯಾಡಾಗೇತೇನು?"

ಸುಮ್ಮನಿದ್ದಳು. ಅಲ್ಲಿಯವರ ಹಾಗೆ ಯೋಚನೆ ಮಾಡುತ್ತಿದ್ದಾಳೆ ಎಂದು ನಾನೂ ಸುಮ್ಮನಿದ್ದೆ. ಅಷ್ಟು ನಾನೂ ಕಲಿತಿದ್ದೆ.

"ಇಲ್ಲ," ಎಂದಳು. "ಬೇಕು."

"ಹಂಗಾರ ಅಳೂದ ಯಾತಕ್ಕ?"

"ಅಳಾಕತ್ತಿಲ್ಲ. ಥಂಡಿಗೆ ಮೂಗ ಸೋರಾಕತ್ತೈತಿ."

"ಮೇ ಮೊದಲನೇ ವಾರ ಬಾ. ಮಳಿ ಹಿಡಿಯೂ ಮೊದಲs ಹಾಳಿ ಹಗ್ಗದ ಮ್ಯಾಲ ಇರಬೇಕು. ಮತ್ತ ಈ ಸಲ ಅಡಿಗಿಮನಿ ಗ್ವಾಡಿ ಕಡೆ ಎರಡ ಹಗ್ಗ ಹೆಚ್ಚಿಗಿ ಕಟ್ಟೂಣು."

"ಯಾಕ? ಅದು ನನ್ನ ಪ್ರಶ್ನಿಯೊಳಗ ಇಲ್ಲ ಆಯಿ."

"ನಿನ್ನ ಪ್ರಶ್ನಿ ನೀ ನೋಡ್ಕೊ. ಇದು ನಂದು."